ವಿಂಡೋಸ್ 8 ಮತ್ತು ಬಳಕೆದಾರರ ಅಭಿಪ್ರಾಯ: ಒಂದು ಸಾಕ್ಷ್ಯವಿಮರ್ಶೆ

1

ಜನರ ಅಭಿಪ್ರಾಯವೆಂಬುದು ಇತಿಹಾಸಕಾರನಿಗೆ ಬಹಳ ಬೇಕಾದ, ಆದರೆ ಬಹಳ ಎಚ್ಚರಿಕೆಯಿಂದ ಬಳಸಬೇಕಾದ ಸಾಮಗ್ರಿ. ಪ್ರಾಚೀನ ಕಾಲದ ವಿಷಯದಲ್ಲಿ ಇದು ನಮಗೆ ದೊರೆಯುವುದೇ ಅಪರೂಪ. ಅರಸನು ಹೊಸ ತೆರಿಗೆಯನ್ನು ವಿಧಿಸಿದನೆಂದು ಶಾಸನ ತಿಳಿಸುತ್ತದೆ. ಅದನ್ನು ಕೊಟ್ಟವನು ಏನೆಂದುಕೊಂಡನೆಂಬುದನ್ನು ತಿಳಿಸುವ ಕಲ್ಲು ವಿರಳ. ನಮ್ಮ ಕಾಲದ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಇಂದು ಲಕ್ಷಾಂತರ ಮಂದಿ ಬಳಸುವ ಒಂದು ವಸ್ತು ಬದಲಾದರೆ ಅದನ್ನು ಕುರಿತ ಹೊಗಳಿಕೆ ತೆಗಳಿಕೆಗಳು ರಾಶಿರಾಶಿಯಾಗಿ ದಾಖಲೆಯಾಗುತ್ತವೆ. ಹಿಂದೆ ಸಾಮಗ್ರಿಯ ಅಭಾವ ತೊಡಕಾಗಿದ್ದರೆ ಇಂದು ಅದರ ವಿಪುಲತೆಯೇ ತೊಡಕಾಗಿದೆ.

ಈ ತೊಡಕಿಗೆ ಒಂದು ಉತ್ತಮ ನಿದರ್ಶನವೆಂದು ನಾವು ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮನ್ನು, ಇಲ್ಲಿ ಎತ್ತಿಕೊಂಡಿದ್ದೇವೆ. ಯಂತ್ರಕ್ಕೂ ಅದರಿಂದ ಕೆಲಸ ಮಾಡಿಸಿಕೊಳ್ಳುವವನಿಗೂ ನಡುವೆ ನಿಂತು ಕಡತಗಳನ್ನು ಕಾಪಾಡುವ, ಕಾರ್ಯಕ್ರಮಗಳನ್ನು ತೆರೆಯುವ, ಮುದ್ರಣಯಂತ್ರಕ್ಕೆ ಆಜ್ಞೆ ಕೊಡುವ ವ್ಯವಸ್ಥೆಯಿದು. ಇದನ್ನು ತಯಾರಿಸುವ ಸಂಸ್ಥೆಗಳು ಕೆಲವು ವರ್ಷಗಳಿಗೊಮ್ಮೆ ಇದರ ರೂಪವನ್ನು ಬದಲಿಸುತ್ತವೆ. ಹಾಗೆ ಬದಲಾದಾಗಲೆಲ್ಲ, ಹೊಸದಕ್ಕೆ ಹೋಗಬೇಕೆ, ಹಳೆಯದರಲ್ಲಿಯೇ ಉಳಿಯಬೇಕೆ ಎಂಬ ಚರ್ಚೆ ಏಳುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ 2012ರ ಅಕ್ಟೋಬರ್ 26ರಂದು ಮಾರುಕಟ್ಟೆಗೆ ತಂದ ವಿಂಡೋಸ್ 8ರ ವಿಷಯದಲ್ಲಿ ಈ ಚರ್ಚೆ ಅತ್ಯಂತ ತೀವ್ರವಾಯಿತು. ಮೂರು ವರ್ಷದೊಳಗೆ ಅದರ ಫಲಿತಾಂಶವೂ ಕಾಣಿಸಿಕೊಂಡುದರಿಂದ ಪರೀಕ್ಷೆಗೆ ಇದು ಅನುಕೂಲವಾದ ಪ್ರಸಂಗ.

ಇಂಥ ಚರ್ಚೆಗಳ ವಿಷಯದಲ್ಲಿ ಎರಡು ಸಿದ್ಧ ತೀರ್ಪುಗಳು ಪ್ರಚಾರದಲ್ಲಿವೆ. ಜನ ಹೊಸದನ್ನು ಕಂಡರೆ ಗೊಣಗುತ್ತಾರೆ, ಕೆಲವು ದಿನ ಕಳೆದರೆ ಹೊಂದಿಕೊಳ್ಳುತ್ತಾರೆ, ಆದುದರಿಂದ ಅವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ ಎಂಬುದು ಒಂದು. ಬಳಸುವವನೇ ಒಡೆಯ, ಅವನು ಬೇಡವೆಂದ ಮೇಲೆ ಅದು ಕೆಟ್ಟದ್ದೇ ಸರಿ ಎಂಬುದು ಇನ್ನೊಂದು. ಇವೆರಡೂ ಸಾಕ್ಷಿಗಳನ್ನು ವಿಚಾರಿಸದೆ ಕೊಟ್ಟ ತೀರ್ಪುಗಳೆಂದು ನಮ್ಮ ಅಭಿಪ್ರಾಯ. ಶಾಸನದ ಪ್ರಶಸ್ತಿಭಾಗವನ್ನು ಓದುವಾಗ ಬರೆದವನಾರು, ಯಾರ ಆಶ್ರಯದಲ್ಲಿದ್ದನು, ತಾನು ಹೇಳಿದುದನ್ನು ಕಣ್ಣಾರೆ ಕಂಡಿದ್ದನೇ ಎಂದು ನಾವು ಕೇಳುತ್ತೇವೆ. ಅದೇ ಪ್ರಶ್ನೆಗಳನ್ನು ಈ ಅಭಿಪ್ರಾಯಗಳಿಗೂ ಹಾಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

2

ಮೊದಲು ಸಂಗತಿಗಳನ್ನು ಸಂಗ್ರಹವಾಗಿ ಹೇಳಬೇಕು. 1995ರ ಆಗಸ್ಟ್ 24ರಂದು ಹೊರಬಂದ ವಿಂಡೋಸ್ 95ರಲ್ಲಿ ಪರದೆಯ ಎಡ ಕೆಳಮೂಲೆಗೆ 'ಸ್ಟಾರ್ಟ್' ಎಂಬ ಗುಂಡಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದನ್ನು ಒತ್ತಿದರೆ ಯಂತ್ರದಲ್ಲಿರುವ ಕಾರ್ಯಕ್ರಮಗಳ ಪಟ್ಟಿಯೂ ಯಂತ್ರವನ್ನು ನಿಲ್ಲಿಸುವ ಆಜ್ಞೆಯೂ ಒಂದೆಡೆ ದೊರೆಯುತ್ತಿದ್ದುವು. ಮುಂದಿನ ಹದಿನೇಳು ವರ್ಷಗಳಲ್ಲಿ ಈ ಪಟ್ಟಿಯ ಬಣ್ಣ, ಆಕಾರ, ಜೋಡಣೆಗಳು ಹಲವು ಸಲ ಬದಲಾದರೂ ಗುಂಡಿ ಇದ್ದೆಡೆಯಲ್ಲಿಯೇ ಇದ್ದಿತು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಹಿಂದಿನ ಬದಲಾವಣೆಗಳಲ್ಲಿ ಹೊಸ ಬಾಗಿಲನ್ನು ತೆರೆದ ಸಂಸ್ಥೆ ಹಳೆಯ ಬಾಗಿಲನ್ನು ಒಡನೆಯೇ ಮುಚ್ಚಿರಲಿಲ್ಲ. ವಿಂಡೋಸ್ 95ರಲ್ಲಿ ಹಿಂದಿನ ಕಾಲದ ಪ್ರೋಗ್ರಾಮ್ ಮ್ಯಾನೇಜರ್ ಉಳಿದಿದ್ದಿತು. ಬೇಕಾದವರು ಅದನ್ನೇ ಬಳಸಬಹುದಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಸ್ಟಾರ್ಟ್ ಮೆನುವನ್ನು ಹೊಸದಾಗಿ ರೂಪಿಸಿದರೂ ಹಳೆಯ ಮಾದರಿಗೆ ಮರಳುವ ಅವಕಾಶವನ್ನು ಕೊಟ್ಟಿತ್ತು.

2010ರಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಬಂದ ತರುವಾಯ ಬೆರಳಿನಿಂದ ಮುಟ್ಟಿ ನಡೆಸುವ ಫಲಕಗಳಿಗೆ ಬೇಡಿಕೆ ಹೆಚ್ಚಿತು. ಈ ಹೊಸ ಕ್ಷೇತ್ರದಲ್ಲಿ ಹಿಂದೆ ಬೀಳಬಾರದೆಂದು ಮೈಕ್ರೋಸಾಫ್ಟ್ ಸಂಸ್ಥೆ ಸ್ಟೀವನ್ ಸಿನೋಫ್‌ಸ್ಕಿಯವರ ನೇತೃತ್ವದಲ್ಲಿ ಮೇಜಿನ ಗಣಕಕ್ಕೂ ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿಗೂ ಒಂದೇ ವ್ಯವಸ್ಥೆಯನ್ನು ರಚಿಸಿತು. ಅದರಲ್ಲಿ ಸ್ಟಾರ್ಟ್ ಗುಂಡಿ ಇರಲಿಲ್ಲ. ಯಂತ್ರವನ್ನು ಹೊತ್ತಿಸಿದೊಡನೆ ಬಣ್ಣಬಣ್ಣದ ದೊಡ್ಡ ಚೌಕಗಳು ಪರದೆಯನ್ನು ತುಂಬುತ್ತಿದ್ದುವು. ಮುಖ್ಯವಾದ ಕೆಲವು ಆಜ್ಞೆಗಳು ಬಲ ಅಂಚಿನಲ್ಲಿ ಅಡಗಿದ್ದು, ಮೌಸನ್ನು ಮೂಲೆಗೆ ಒಯ್ದಾಗ ಮಾತ್ರ 'ಚಾರ್ಮ್ಸ್' ಎಂಬ ಪಟ್ಟಿಯಾಗಿ ಹೊರಬರುತ್ತಿದ್ದುವು. ಯಂತ್ರವನ್ನು ನಿಲ್ಲಿಸುವ ಆಜ್ಞೆಯೂ ಅಲ್ಲಿಯೇ, ಸೆಟ್ಟಿಂಗ್ಸ್ ಎಂಬುದರ ಒಳಗೆ, ಪವರ್ ಎಂಬುದರ ಕೆಳಗೆ ಇದ್ದಿತು. ಹಳೆಯ ಕಾರ್ಯಕ್ರಮಗಳು ಡೆಸ್ಕ್‌ಟಾಪ್ ಎಂಬ ಭಾಗದಲ್ಲಿ ಹಿಂದಿನಂತೆಯೇ ನಡೆಯುತ್ತಿದ್ದುವು. ಹೊಸ ಬಗೆಯವು ಪರದೆಯನ್ನೆಲ್ಲ ಆವರಿಸುತ್ತಿದ್ದುವು. ಡೆಸ್ಕ್‌ಟಾಪಿನಲ್ಲಿ ಬರೆಯುತ್ತ ಕುಳಿತವನು ಒಂದು ಪಿಡಿಎಫ್ ಕಡತವನ್ನು ತೆರೆದನೆಂದರೆ, ತಾನು ಬೇರೆ ಏರ್ಪಾಡು ಮಾಡಿಕೊಂಡಿರದಿದ್ದಲ್ಲಿ, ಬರೆಯುತ್ತಿದ್ದ ಪುಟ ಮರೆಯಾಗಿ ಇಡೀ ಪರದೆಯಲ್ಲಿ ಆ ಕಡತವೊಂದೇ ನಿಲ್ಲುತ್ತಿತ್ತು. ಒಂದು ಗ್ರಂಥವನ್ನು ನೋಡುತ್ತ ಇನ್ನೊಂದರಲ್ಲಿ ಟಿಪ್ಪಣಿ ಬರೆದುಕೊಳ್ಳುವ ಅಭ್ಯಾಸವುಳ್ಳ ಅಧ್ಯಾಪಕರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

3

ಇನ್ನು ಸಾಕ್ಷಿಗಳ ವಿಚಾರ. ಮೊದಲಿಗೆ ಹೆಸರಾಂತವರ ಮಾತುಗಳು ಬರುತ್ತವೆ. ವ್ಯವಸ್ಥೆ ಹೊರಬರುವುದಕ್ಕೆ ಮುಂಚೆಯೇ, 2012ರ ಏಪ್ರಿಲಿನಲ್ಲಿ, ಆಪಲ್ ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ ಅವರು ಟ್ಯಾಬ್ಲೆಟ್ಟನ್ನೂ ಗಣಕವನ್ನೂ ಒಂದುಗೂಡಿಸುವುದು ರೊಟ್ಟಿ ಸುಡುವ ಟೋಸ್ಟರನ್ನೂ ತಂಪುಪೆಟ್ಟಿಗೆಯನ್ನೂ ಬೆಸೆದಂತೆ ಎಂಬರ್ಥದ ಮಾತನ್ನಾಡಿದರು. ಅದೇ ವರ್ಷ ಜುಲೈಯಲ್ಲಿ, ಗಣಕದ ಆಟಗಳನ್ನು ಮಾರುವ ವಾಲ್ವ್ ಸಂಸ್ಥೆಯ ಗೇಬ್ ನ್ಯೂಯೆಲ್ ಅವರು ವಿಂಡೋಸ್ 8 ಈ ಉದ್ಯಮದವರಿಗೆಲ್ಲ ಒಂದು ಮಹಾವಿಪತ್ತೆಂದರು. ಈ ಎರಡು ಮಾತುಗಳನ್ನೂ ಅನೇಕರು ಬಳಕೆದಾರರ ಅಸಮಾಧಾನಕ್ಕೆ ಪ್ರಮಾಣವಾಗಿ ಎತ್ತಿ ಹೇಳಿದರು. ಆದರೆ ಕುಕ್ ಅವರು ಪ್ರತಿಸ್ಪರ್ಧಿ ಸಂಸ್ಥೆಯವರು. ಎರಡನ್ನು ಬೇರೆ ಬೇರೆಯಾಗಿ ಮಾರುವುದರಲ್ಲಿಯೇ ಅವರ ಲಾಭವಿದ್ದಿತು. ನ್ಯೂಯೆಲ್ ಅವರ ಸಂಸ್ಥೆ 'ಸ್ಟೀಮ್' ಎಂಬ ಅಂಗಡಿಯ ಮೂಲಕ ವ್ಯಾಪಾರ ನಡೆಸುವಂಥದು. ಮೈಕ್ರೋಸಾಫ್ಟ್ ವಿಂಡೋಸ್ 8ರೊಡನೆ ತನ್ನದೇ ಅಂಗಡಿಯನ್ನು ತೆರೆಯುತ್ತಿತ್ತು. ಹಿತಾಸಕ್ತಿಯುಳ್ಳವನ ಮಾತು ಸುಳ್ಳೆಂದೇ ಆಗಬೇಕಾಗಿಲ್ಲ. ಆದರೆ ಅದು ಬಳಕೆದಾರನ ಸಾಕ್ಷ್ಯವಲ್ಲ, ವ್ಯಾಪಾರಿಯ ಸಾಕ್ಷ್ಯ.

ಇವಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಪಾಲ್ ಆಲೆನ್ ಅವರ ಲೇಖನ. 1975ರಲ್ಲಿ ಮೈಕ್ರೋಸಾಫ್ಟನ್ನು ಸ್ಥಾಪಿಸಿದ ಇಬ್ಬರಲ್ಲಿ ಒಬ್ಬರಾದ ಇವರು 2012ರ ಅಕ್ಟೋಬರಿನಲ್ಲಿ ಹೊಸ ವ್ಯವಸ್ಥೆಯನ್ನು ತಾವೇ ಬಳಸಿ ನೋಡಿ ಬರೆದರು. ಟ್ಯಾಬ್ಲೆಟ್ಟಿನ ಮೇಲೆ ಇದು ಸೊಗಸಾಗಿದೆಯೆಂದು ಮೆಚ್ಚಿಕೊಂಡುದಲ್ಲದೆ, ಒಂದೇ ಯಂತ್ರದಲ್ಲಿ ಎರಡು ಲೋಕಗಳಿದ್ದು ಬಳಸುವವನಿಗೆ ಗೊಂದಲವಾಗುವುದನ್ನೂ ಒಂದೊಂದಾಗಿ ಗುರುತಿಸಿದರು. ತನ್ನ ಕಡೆಯವರ ದೋಷವನ್ನು ಸ್ನೇಹಿತನೇ ಒಪ್ಪಿಕೊಂಡಾಗ ಆ ಮಾತಿಗೆ ತೂಕ ಹೆಚ್ಚು.

ಮೂರನೆಯದು ಪರೀಕ್ಷಕರ ಸಾಕ್ಷ್ಯ. ಬಳಕೆಯ ಸೌಲಭ್ಯವನ್ನು ಕುರಿತು ಬಹುಕಾಲದಿಂದ ಅಧ್ಯಯನ ನಡೆಸಿದ್ದ ಜೇಕಬ್ ನೀಲ್ಸನ್ ಅವರು 2012ರ ನವೆಂಬರಿನಲ್ಲಿ ತಮ್ಮ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಗಣಕದಲ್ಲಿ ಪಳಗಿದ 12 ಮಂದಿಯನ್ನು ಕೂರಿಸಿ ಅವರು ಕೆಲಸ ಮಾಡುವಾಗ ಎಲ್ಲಿ ಎಡವುತ್ತಾರೆಂಬುದನ್ನು ಇಲ್ಲಿ ಗಮನಿಸಲಾಗಿತ್ತು. ಕಣ್ಣಿಗೆ ಕಾಣದ ಆಜ್ಞೆ ನೆನಪಿನಿಂದಲೂ ಮರೆಯಾಗುತ್ತದೆ. ಒತ್ತಬಹುದಾದುದಾವುದು, ಬರಿಯ ಬರಹವಾವುದು ಎಂಬುದು ಚಪ್ಪಟೆಯಾದ ಚಿತ್ರಗಳಿಂದ ತಿಳಿಯುವುದಿಲ್ಲ. ಎರಡು ಬಗೆಯ ಪರದೆಗಳ ನಡುವೆ ಓಡಾಡುವುದರಿಂದ ಗಮನ ಚೆದರುತ್ತದೆ. ಇವು ಅವರು ಕಂಡುಕೊಂಡ ಮುಖ್ಯಾಂಶಗಳು. ಹನ್ನೆರಡೇ ಮಂದಿಯಿಂದ ಏನು ತಿಳಿದೀತೆಂದು ಕೆಲವರು ಆಕ್ಷೇಪಿಸಬಹುದು. ಎಷ್ಟು ಮಂದಿಗೆ ತೊಂದರೆಯಾಯಿತೆಂಬುದು ಇದರಿಂದ ತಿಳಿಯದೆಂಬುದು ನಿಜ. ಆದರೆ ಯಾವ ತೊಂದರೆ, ಯಾವ ಕಾರಣದಿಂದ ಎಂಬುದು ತಿಳಿಯುತ್ತದೆ. ಸಾವಿರ ಮಂದಿ ಚೆನ್ನಾಗಿಲ್ಲವೆಂದು ಹೇಳಿದುದಕ್ಕಿಂತ ಒಬ್ಬನು ಇಂಥ ಕಡೆ ಕೈ ತಡೆಯಿತೆಂದು ತೋರಿಸಿದುದು ವಿಮರ್ಶಕನಿಗೆ ಹೆಚ್ಚು ಉಪಯುಕ್ತ.

ನಾಲ್ಕನೆಯದು ಮಾತಿಲ್ಲದ ಸಾಕ್ಷ್ಯ, ಎಂದರೆ ಜನರ ನಡವಳಿಕೆ. ವಿಂಡೋಸ್ 8 ಬಂದೊಡನೆ ಕಳೆದುಹೋದ ಸ್ಟಾರ್ಟ್ ಮೆನುವನ್ನು ಮರಳಿ ತರುವ ಕಾರ್ಯಕ್ರಮಗಳಿಗೆ ಬೇಡಿಕೆ ಬಂದಿತು. ಸ್ಟಾರ್‌ಡಾಕ್ ಸಂಸ್ಥೆಯ 'ಸ್ಟಾರ್ಟ್8' ಎಂಬುದನ್ನು 5 ಡಾಲರಿನಷ್ಟು ಹಣ ಕೊಟ್ಟು ಕೊಂಡರು. 'ಕ್ಲಾಸಿಕ್ ಶೆಲ್' ಎಂಬುದು ಉಚಿತವಾಗಿ ದೊರೆಯುತ್ತಿತ್ತು. ಇವನ್ನು ಹಾಕಿಕೊಂಡವರು ಹೊಸ ವ್ಯವಸ್ಥೆಯನ್ನು ತಿರಸ್ಕರಿಸಿದವರಲ್ಲವೆಂಬುದನ್ನು ಗಮನಿಸಬೇಕು. ಅವರು ಅದನ್ನು ಸ್ವೀಕರಿಸಿ, ಅದರಲ್ಲಿ ತಮ್ಮ ಕೆಲಸಕ್ಕೆ ಅಡ್ಡಿಯಾದ ಒಂದು ಭಾಗವನ್ನು ಮಾತ್ರ ತಿದ್ದಿಕೊಂಡರು. ಹೊಸದೆಲ್ಲವನ್ನೂ ದ್ವೇಷಿಸುವವರು ಹೀಗೆ ನಡೆದುಕೊಳ್ಳುವುದಿಲ್ಲ.

4

ಪ್ರತಿವಾದಿಯ ಕಡೆಯ ಸಾಕ್ಷ್ಯವನ್ನೂ ಇದೇ ಅಳತೆಯಿಂದ ನೋಡುವುದು ನ್ಯಾಯ. ಸಂಸ್ಥೆ ಮುಂದಿಟ್ಟುದು ಎರಡು ಬಗೆಯ ಲೆಕ್ಕ.

ಮೊದಲನೆಯದು ಮಾರಾಟದ ಲೆಕ್ಕ. ಒಂದು ತಿಂಗಳಿನಲ್ಲಿ 4 ಕೋಟಿ, 2013ರ ಮೇ ತಿಂಗಳ ವೇಳೆಗೆ 10 ಕೋಟಿ ಲೈಸೆನ್ಸುಗಳು ಮಾರಾಟವಾದುವೆಂದು ಸಂಸ್ಥೆ ಪ್ರಕಟಿಸಿತು. ಈ ಸಂಖ್ಯೆಯನ್ನು ನಾವು ಅನುಮಾನಿಸುವುದಿಲ್ಲ; ಅದು ಯಾವುದರ ಸಂಖ್ಯೆಯೆಂದು ಮಾತ್ರ ಕೇಳುತ್ತೇವೆ. ಹೊಸ ಗಣಕವನ್ನು ಕೊಳ್ಳುವವನಿಗೆ ವ್ಯವಸ್ಥೆ ಅದರೊಳಗೇ ಕುಳಿತು ಬರುತ್ತದೆ. ಯಂತ್ರ ಬೇಕೆಂದವನು ವ್ಯವಸ್ಥೆಯನ್ನು ಆರಿಸಿಕೊಂಡನೆಂದು ಹೇಳಲಾಗದು. ಅಲ್ಲದೆ, ವಿಂಡೋಸ್ 8 ಪ್ರೊ ಲೈಸೆನ್ಸಿನೊಡನೆ ಯಂತ್ರವನ್ನು ಪಡೆದವನು ಅದರ ಬಲದಿಂದಲೇ ವಿಂಡೋಸ್ 7ಕ್ಕೆ ಹಿಂದಿರುಗುವ ಹಕ್ಕೂ ಇದ್ದಿತು. ಹೀಗಿರಲಾಗಿ, ಹಳೆಯದನ್ನೇ ಬಳಸುತ್ತಿದ್ದವನೂ ಹೊಸದರ ಲೆಕ್ಕಕ್ಕೆ ಸೇರಿಹೋಗುವುದು ಸಾಧ್ಯವಾಗಿತ್ತು.

ಎರಡನೆಯದು ಬಳಕೆಯ ಲೆಕ್ಕ. ಒಪ್ಪಿಗೆ ಕೊಟ್ಟವರ ಯಂತ್ರಗಳಿಂದ ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದರೆಂಬುದನ್ನು ಸಂಸ್ಥೆ ಸಂಗ್ರಹಿಸುತ್ತಿತ್ತು. ವಿಂಡೋಸ್ 7ರಲ್ಲಿ ಸ್ಟಾರ್ಟ್ ಮೆನುವಿನ ಬಳಕೆ ಹಿಂದಿಗಿಂತ ಇಳಿದಿದೆಯೆಂದು ಇದರಿಂದ ಕಂಡುಬಂದಿತು. ಬದಲಾವಣೆಯನ್ನು ಸಮರ್ಥಿಸಿ 2011ರಲ್ಲಿ ಸಂಸ್ಥೆಯವರು ಬರೆದ ದೀರ್ಘ ಲೇಖನಗಳಲ್ಲಿ ಇದು ಒಂದು ಮುಖ್ಯ ಆಧಾರ. ಇದನ್ನು ಶ್ರಮಪಟ್ಟು ಸಂಗ್ರಹಿಸಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರಿಂದ ತೆಗೆದ ನಿರ್ಣಯಕ್ಕೆ ಎರಡು ಆಕ್ಷೇಪಗಳುಂಟು. ಲೆಕ್ಕಕ್ಕೆ ಸಿಕ್ಕಿದವರು ಒಪ್ಪಿಗೆ ಕೊಟ್ಟವರು ಮಾತ್ರ; ಕೊಡದವರ ರೂಢಿ ಅದರಲ್ಲಿಲ್ಲ. ಇದಕ್ಕಿಂತ ಮುಖ್ಯವಾಗಿ, ಕಡಮೆ ಬಳಕೆಯೆಂಬುದು ಅನಗತ್ಯತೆಗೆ ಪ್ರಮಾಣವಲ್ಲ. ಗ್ರಂಥದ ಕೊನೆಯ ಅಕಾರಾದಿಯನ್ನು ಓದುಗನು ಪುಟಗಳನ್ನು ತಿರುವಿದಷ್ಟು ಸಲ ತೆರೆಯುವುದಿಲ್ಲ. ಆ ಕಾರಣದಿಂದ ಅದನ್ನು ಕಿತ್ತುಹಾಕಿದರೆ, ಬೇಕಾದುದು ಎಲ್ಲಿದೆಯೆಂದು ತಿಳಿಯದೆ ಹೋದ ದಿನ ಅವನು ದಿಕ್ಕುಗೆಡುತ್ತಾನೆ. ನಿತ್ಯ ಬೇಕಾಗುವ ಕಾರ್ಯಕ್ರಮಗಳನ್ನು ಪರದೆಯ ಕೆಳಪಟ್ಟಿಗೆ ಅಂಟಿಸಿಟ್ಟುಕೊಳ್ಳುವ ಅನುಕೂಲವನ್ನು ವಿಂಡೋಸ್ 7 ಒದಗಿಸಿದ್ದುದರಿಂದ ಸ್ಟಾರ್ಟ್ ಮೆನುವಿಗೆ ಹೋಗುವ ಸಂದರ್ಭ ಕಡಮೆಯಾಯಿತು. ಅಪರೂಪಕ್ಕೆ ಬೇಕಾಗುವುದನ್ನು ಹುಡುಕುವ ಸ್ಥಾನವಾಗಿ ಅದು ಉಳಿಯಿತು. ಲೆಕ್ಕ ಕೈಯ ಚಲನೆಯನ್ನು ಎಣಿಸಿತು. ಅದರ ಉದ್ದೇಶವನ್ನು ತಿಳಿಯಲಿಲ್ಲ. ಅದನ್ನು ತಿಳಿಸಬಲ್ಲ ಸಾಕ್ಷ್ಯವೆಂದರೆ ಬಳಕೆದಾರರ ಮಾತು. 2012ರ ಫೆಬ್ರವರಿ 29ರಂದು ಸಾರ್ವಜನಿಕರ ಪರೀಕ್ಷೆಗೆ ಬಿಟ್ಟ ಆವೃತ್ತಿಯಲ್ಲಿಯೇ ಗುಂಡಿ ಕಾಣೆಯಾಗಿದ್ದಿತು; ಅಂದಿನಿಂದ ಸುಮಾರು ಎಂಟು ತಿಂಗಳ ಕಾಲ ದೂರು ಕೇಳಿಬರುತ್ತಿದ್ದರೂ ಸಂಸ್ಥೆ ಮಾತಿಗಿಂತ ಎಣಿಕೆಯನ್ನೇ ಹೆಚ್ಚಾಗಿ ನಂಬಿತು.

5

ಬಳಕೆದಾರರ ಮೇಲೆ ಹೊರಿಸುವ ಮುಖ್ಯ ಆರೋಪವೆಂದರೆ ಅವರು ರೂಢಿಯ ದಾಸರೆಂಬುದು. ಇದರಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪಬೇಕು. 2001ರಲ್ಲಿ ಬಂದಾಗ ಎಕ್ಸ್‌ಪಿಯ ನೀಲಿ ಹಸಿರು ಬಣ್ಣಗಳನ್ನು ಮಕ್ಕಳ ಆಟಿಕೆಯಂತಿವೆಯೆಂದು ಹಲವರು ಹಳಿದರು. ಏಳು ವರ್ಷಗಳ ತರುವಾಯ ಆ ಎಕ್ಸ್‌ಪಿಯನ್ನು ಮಾರಾಟದಿಂದ ತೆಗೆಯಬಾರದೆಂದು ಅಮೆರಿಕದ ಪತ್ರಿಕೆಯೊಂದು ನಡೆಸಿದ ಮನವಿಗೆ ಎರಡು ಲಕ್ಷಕ್ಕೂ ಮೀರಿದ ಸಹಿಗಳು ಬಿದ್ದುವು. ಬಣ್ಣವನ್ನು ಕುರಿತ ಅಭಿಪ್ರಾಯ ಕಾಲ ಕಳೆದಂತೆ ಮಾಯವಾಯಿತೆಂಬುದು ಸ್ಪಷ್ಟ.

ಎಕ್ಸ್‌ಪಿಯ ತರುವಾಯ 2007ರಲ್ಲಿ ಬಂದ ವಿಸ್ಟಾ ಎಂಬ ವ್ಯವಸ್ಥೆಯ ಪ್ರಸಂಗ ಇನ್ನೂ ಸ್ವಾರಸ್ಯವಾದುದು. ಅದು ಕೆಟ್ಟ ಹೆಸರು ಪಡೆದಾಗ ಸಂಸ್ಥೆ 2008ರಲ್ಲಿ ಒಂದು ಪ್ರಯೋಗ ಮಾಡಿತು. ವಿಸ್ಟಾ ಚೆನ್ನಾಗಿಲ್ಲವೆಂದು ನಂಬಿದ್ದವರನ್ನು ಕರೆದು, 'ಮೊಹಾವೆ' ಎಂಬ ಹೊಸ ವ್ಯವಸ್ಥೆಯೆಂದು ಹೇಳಿ ವಿಸ್ಟಾವನ್ನೇ ತೋರಿಸಿತು. ನೋಡಿದವರು ಮೆಚ್ಚಿಕೊಂಡರು, ಅನಂತರ ನಿಜವನ್ನು ತಿಳಿದು ಬೆರಗಾದರು. ಜನರ ಅಭಿಪ್ರಾಯ ಬರಿಯ ಗಾಳಿಮಾತೆಂಬುದಕ್ಕೆ ಇದನ್ನು ಪ್ರಮಾಣವಾಗಿ ಜಾಹೀರಾತುಗಳಲ್ಲಿ ಬಳಸಲಾಯಿತು. ಇದರಿಂದ ಸಿದ್ಧವಾಗುವುದು ಕೇಳಿದ ಮಾತನ್ನು ನಂಬಿ ದೂರುವವರಿದ್ದಾರೆಂಬುದಷ್ಟೆ. ಅವರಿಗೆ ವಿಸ್ಟಾವನ್ನು ತೋರಿಸಿದವರು ಸಂಸ್ಥೆಯ ಪರವಾದವರು. ಯಂತ್ರವನ್ನು ಸಿದ್ಧಮಾಡಿದವರೂ ಅವರೇ. ನೋಡಿದವರು ಅದನ್ನು ತಮ್ಮ ಹಳೆಯ ಗಣಕಕ್ಕೆ ಹಾಕಿ, ತಮ್ಮ ಮುದ್ರಣಯಂತ್ರಕ್ಕೆ ಜೋಡಿಸಿ, ತಿಂಗಳುಗಟ್ಟಲೆ ದುಡಿದವರಲ್ಲ. ವಿಸ್ಟಾದ ಮೇಲಿನ ದೂರುಗಳಲ್ಲಿ ನಿಜವಾಗಿ ಭಾರವಾದವು ಇದ್ದುದು ಅಲ್ಲಿಯೇ. ಪ್ರದರ್ಶನದಲ್ಲಿ ಹುಟ್ಟಿದ ಮೆಚ್ಚಿಕೆಯಿಂದ ಬಳಕೆಯಲ್ಲಿ ಹುಟ್ಟಿದ ದೂರನ್ನು ಅಲ್ಲಗಳೆಯಲಾಗದು.

ರೂಢಿಯೆಂಬ ಮಾತನ್ನೂ ಸ್ವಲ್ಪ ವಿಚಾರಿಸಬೇಕು. ನಮಗೆ ಪರಿಚಿತರಾದ ಒಬ್ಬ ಕಾಲೇಜು ಗುಮಾಸ್ತರು ನಡುವಯಸ್ಸಿನಲ್ಲಿ ಗಣಕವನ್ನು ಕಲಿತವರು. ಕಲಿಯುವಾಗ ಅವರು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ಕೆಲಸವನ್ನೂ ಅಂಕೆ ಹಾಕಿ ಬರೆದಿಟ್ಟುಕೊಂಡಿದ್ದರು: ಎಡಗಡೆ ಕೆಳಗೆ ಸ್ಟಾರ್ಟ್ ಒತ್ತುವುದು, ಮೇಲಿನಿಂದ ಮೂರನೆಯದನ್ನು ಆರಿಸುವುದು, ಪ್ರಿಂಟ್ ಎಂಬುದು ಬಂದ ಮೇಲೆ ಎರಡು ಪ್ರತಿ ಎಂದು ತುಂಬುವುದು, ಇತ್ಯಾದಿ. ಇಂಗ್ಲಿಷ್ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದ ಆ ನೋಟ್‌ಬುಕ್ ನಮ್ಮ ದೃಷ್ಟಿಯಲ್ಲಿ ಒಂದು ಅಮೂಲ್ಯ ದಾಖಲೆ. ಅಂಕಪಟ್ಟಿಗಳೂ ವರ್ಗಾವಣೆ ಪತ್ರಗಳೂ ಶುಲ್ಕದ ರಸೀತಿಗಳೂ ವರ್ಷಗಳ ಕಾಲ ಅದರ ಬಲದಿಂದ ಹೊರಬಂದುವು. ಇದನ್ನು ರೂಢಿಯೆಂದು ಹಗುರವಾಗಿ ಕರೆಯಬಹುದೆ? ಇದು ಶ್ರಮದಿಂದ ಗಳಿಸಿದ ವಿದ್ಯೆ. ಪರದೆಯ ಕ್ರಮ ಬದಲಾದ ದಿನ ಈ ವಿದ್ಯೆಯ ಒಂದು ಭಾಗ ನಿರುಪಯುಕ್ತವಾಗುತ್ತದೆ; ಆ ನಷ್ಟ ಅದನ್ನು ಬದಲಿಸಿದವರ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಹೊಸದರಿಂದ ದೊರೆಯುವ ಲಾಭ ಈ ನಷ್ಟವನ್ನು ಮೀರಿದ್ದರೆ ಕಲಿಯುವವನು ಮತ್ತೆ ಕಲಿಯುತ್ತಾನೆ. ಮೀರಿಲ್ಲದಿದ್ದರೆ ಅವನು ಕೇಳುವ ಪ್ರಶ್ನೆ ನ್ಯಾಯವಾದುದೇ ಆಗಿದೆ.

6

ಹಾಗೆಂದು ಹಳೆಯದೇ ಸಾಕೆನ್ನುವವರ ಪಕ್ಷವನ್ನು ನಾವು ಪೂರ್ತಿಯಾಗಿ ಹಿಡಿಯುವವರಲ್ಲ. ಕನ್ನಡಿಗರಾದ ನಮಗೆ ಇದಕ್ಕೆ ವಿಶೇಷ ಕಾರಣವುಂಟು. ವಿಂಡೋಸ್ 98ರಲ್ಲಿ ಕನ್ನಡ ಲಿಪಿಗೆ ವ್ಯವಸ್ಥೆಯ ಒಳಗೇ ಸ್ಥಾನವಿರಲಿಲ್ಲ. ಯೂನಿಕೋಡ್ ಕ್ರಮದ ಕನ್ನಡವೂ 'ತುಂಗಾ' ಎಂಬ ಅಕ್ಷರವಿನ್ಯಾಸವೂ ವಿಂಡೋಸಿನೊಡನೆ ಬಂದುದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯೂ ಅದನ್ನು ಬಳಸುವುದಕ್ಕೆ ಬೇರೆಯಾಗಿ ಕೆಲವು ಕಡತಗಳನ್ನು ಸೇರಿಸಿಕೊಳ್ಳಬೇಕಾಗಿತ್ತು. ಈ ತೊಡಕೂ ಇಲ್ಲದಂತಾದುದು ವಿಸ್ಟಾದಲ್ಲಿ. ಹಳೆಯ ಸಂಕೇತಕ್ರಮದ ಅಕ್ಷರಗಳಲ್ಲಿ ಬರಹಗಳನ್ನು ಸಿದ್ಧಪಡಿಸಿಟ್ಟಿದ್ದ ಕನ್ನಡಿಗರು ಬದಲಾವಣೆಗೆ ಹಿಂಜರಿದರೆ ಅದಕ್ಕೆ ಕಾರಣವಿದ್ದಿತು. ಆ ಬರಹಗಳನ್ನೆಲ್ಲ ಪರಿವರ್ತಿಸುವ ಹೊರೆ ಅವರ ಮೇಲೆಯೇ ಬೀಳುತ್ತಿತ್ತು. ಆದರೂ ಯಾವ ಯಂತ್ರದಲ್ಲಿಯಾದರೂ ಓದಬಹುದಾದ, ಹುಡುಕಬಹುದಾದ ಕನ್ನಡ ನಮಗೆ ದೊರೆತುದು ಈ ಬದಲಾವಣೆಯ ದಾರಿಯಿಂದಲೇ. ವಿಸ್ಟಾವನ್ನು ಇಂಗ್ಲಿಷಿನಲ್ಲಿ ಬಳಸಿದವನ ಅಭಿಪ್ರಾಯವೂ ಕನ್ನಡದಲ್ಲಿ ಬಳಸಿದವನ ಅಭಿಪ್ರಾಯವೂ ಒಂದೇ ಆಗಬೇಕಾಗಿಲ್ಲ. ಅಭಿಪ್ರಾಯವನ್ನು ಹೇಳಿದವನು ಯಾವ ಕೆಲಸವನ್ನು ಇಟ್ಟುಕೊಂಡು ಹೇಳಿದನೆಂಬುದನ್ನು ತಿಳಿಯದೆ ಅದನ್ನು ಬಳಸಬಾರದೆಂಬುದಕ್ಕೆ ಇದು ಸಾಕಾದಷ್ಟು ನಿದರ್ಶನ.

ಎರಡನೆಯ ಕಾರಣ ಭದ್ರತೆಗೆ ಸಂಬಂಧಿಸಿದುದು. ತಯಾರಕರು ಬೆಂಬಲವನ್ನು ನಿಲ್ಲಿಸಿದ ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬಂದ ದೋಷಗಳು ದುರಸ್ತಿಯಾಗದೆ ಉಳಿಯುತ್ತವೆ. ಎಕ್ಸ್‌ಪಿಗೆ ಈ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. 2017ರ ಮೇ 12ರಂದು 'ವಾನ್ನಕ್ರೈ' ಎಂಬ ದುಷ್ಟ ಕಾರ್ಯಕ್ರಮ ಹಲವು ದೇಶಗಳಲ್ಲಿ ಹಬ್ಬಿ ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ಕೆಲಸವನ್ನೂ ಕೆಡಿಸಿತು. ಅದಕ್ಕೆ ತುತ್ತಾದುವುಗಳಲ್ಲಿ ಬಹುಪಾಲು ಎಕ್ಸ್‌ಪಿ ಯಂತ್ರಗಳಲ್ಲ. ಎರಡು ತಿಂಗಳ ಹಿಂದೆಯೇ ಹೊರಟಿದ್ದ ದುರಸ್ತಿಯನ್ನು ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ನನ್ನ ಯಂತ್ರ ನನ್ನಿಷ್ಟ ಎಂಬ ಮಾತಿಗೆ ಮಿತಿಯುಂಟೆಂಬುದು ಇದರಿಂದ ತಿಳಿಯುತ್ತದೆ. ಒಂದು ಯಂತ್ರದ ರೋಗ ಇನ್ನೊಂದಕ್ಕೆ ಹರಡುತ್ತದೆ.

ಆದರೆ ಇಲ್ಲಿಯೇ ಈ ಚರ್ಚೆಯ ಗಂಟು ಇರುವಂತೆ ನಮಗೆ ತೋರುತ್ತದೆ. ದುರಸ್ತಿ ಬೇರೆ, ರೂಪಾಂತರ ಬೇರೆ. ಸೋರುವ ಮನೆಯ ಮಾಡನ್ನು ಸರಿಪಡಿಸುವುದಕ್ಕೆ ಅಡಿಗೆಮನೆಯನ್ನು ಪಡಸಾಲೆಗೆ ಒಯ್ಯಬೇಕಾಗಿಲ್ಲ. ವಿಂಡೋಸ್ 8 ಬೇಗ ಹೊತ್ತಿಕೊಳ್ಳುತ್ತಿತ್ತು; ವೈರಸ್ಸುಗಳನ್ನು ತಡೆಯುವ ಸಾಧನ ಅದರೊಳಗೇ ಇದ್ದಿತು. ಈ ಗುಣಗಳನ್ನು ದೂರಿದವರಿಲ್ಲ. ಇವು ಬೇಕೆಂದವರು ಬೇಡವಾದ ರೂಪವನ್ನೂ ಹೊರಬೇಕಾಯಿತು. ರೂಪವನ್ನು ಬೇಡವೆಂದವರು ಈ ಗುಣಗಳನ್ನೂ ಕಳೆದುಕೊಳ್ಳಬೇಕಾಯಿತು. ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಕೊಟ್ಟುದರಿಂದ, ಜನರ ನಿರಾಕರಣೆ ಯಾವುದಕ್ಕೆ ಸಂಬಂಧಿಸಿದುದೆಂಬುದೇ ಮಸುಕಾಯಿತು. ರೂಪದ ಬಗೆಗಿನ ಅಸಮಾಧಾನ ದುರಸ್ತಿಯ ಬಗೆಗಿನ ಅಲಕ್ಷ್ಯವಾಗಿ ಪರಿಣಮಿಸಿದರೆ ಅದರ ಹೊಣೆ ಬಳಕೆದಾರನದು ಮಾತ್ರವಲ್ಲ.

ಇಡೀ ದೇಶದ ರೂಢಿಯನ್ನು ಬದಲಿಸುವ ಕಾರ್ಯ ಹಿಂದೆಯೂ ನಡೆದಿದೆ. 1957ರ ಏಪ್ರಿಲ್ 1ರಂದು ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಾಗ ರೂಪಾಯಿಗೆ ಹದಿನಾರಾಣೆಯೆಂದು ಎಣಿಸಿ ಬೆಳೆದವರೆಲ್ಲ ನೂರು ಪೈಸೆಯೆಂದು ಎಣಿಸಲು ಕಲಿಯಬೇಕಾಯಿತು. ಆದರೆ ಆಣೆಯ ನಾಣ್ಯಗಳೂ ಹೊಸ ನಾಣ್ಯಗಳೂ ಕೆಲವು ವರ್ಷ ಒಟ್ಟಿಗೆ ಚಲಾವಣೆಯಲ್ಲಿದ್ದುವು. ಗೊಂದಲವಾಗದಿರಲೆಂದು ಹೊಸದನ್ನು 'ನಯಾ ಪೈಸೆ'ಯೆಂದು ಕರೆದರು. ಆ 'ನಯಾ' ಎಂಬ ಮಾತನ್ನು ಕೈಬಿಟ್ಟುದು 1964ರಲ್ಲಿ. ಬದಲಾವಣೆ ಕಡ್ಡಾಯವಾಗಿದ್ದರೂ ಕಲಿಯುವುದಕ್ಕೆ ಕಾಲಾವಕಾಶವಿದ್ದಿತು.

7

ವಿಂಡೋಸ್ 8ರ ಪ್ರಸಂಗದ ಮುಕ್ತಾಯ ಎಲ್ಲರಿಗೂ ತಿಳಿದಿದೆ. 2013ರ ಅಕ್ಟೋಬರ್ 17ರಂದು ಬಂದ 8.1ರಲ್ಲಿ ಗುಂಡಿ ಮರಳಿತು. ಆದರೆ ಅದು ಚೌಕಗಳ ಪರದೆಗೇ ಕರೆದೊಯ್ಯುತ್ತಿತ್ತು. 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ಸ್ಟಾರ್ಟ್ ಮೆನುವೇ ಮರಳಿತು. ಗೊಣಗುವವರು ಹೊಂದಿಕೊಳ್ಳುತ್ತಾರೆಂಬ ಭವಿಷ್ಯವಾಣಿ ಇಲ್ಲಿ ಫಲಿಸಲಿಲ್ಲ. ಹೊಂದಿಕೊಂಡುದು ತಯಾರಕ ಸಂಸ್ಥೆ. ಹಾಗೆಂದು ದೂರಿದವರ ಮಾತೆಲ್ಲ ಗೆದ್ದಿತೆಂದೂ ಹೇಳಲಾಗದು. ಚಪ್ಪಟೆಯಾದ ಚಿತ್ರಗಳನ್ನು ಹಲವರು ಹಳಿದರು. ಅವು ಉಳಿದುವು, ಕಣ್ಣಿಗೆ ಒಗ್ಗಿದುವು. ಕೆಲಸಕ್ಕೆ ಅಡ್ಡಿಯಾದುದನ್ನು ಕುರಿತ ಅಭಿಪ್ರಾಯ ನಿಂತಿತು. ರುಚಿಯನ್ನು ಕುರಿತ ಅಭಿಪ್ರಾಯ ಕರಗಿತು.

ಮುಂದೆ ದೂರಿನ ಸ್ವರೂಪವೇ ಬದಲಾಯಿತು. ವಿಂಡೋಸ್ 10ನ್ನು ಒಂದು ವರ್ಷದ ಕಾಲ ಉಚಿತವಾಗಿ ಕೊಟ್ಟ ಸಂಸ್ಥೆ, ಅದನ್ನು ಹಾಕಿಕೊಳ್ಳಿರೆಂದು ಹಳೆಯ ಯಂತ್ರಗಳ ಪರದೆಯ ಮೇಲೆ ಮತ್ತೆ ಮತ್ತೆ ಸೂಚನೆ ತೋರಿಸಿತು. 2016ರ ಮೇ ತಿಂಗಳಲ್ಲಿ, ಮೂಲೆಯ ಗುರುತನ್ನೊತ್ತಿ ಆ ಸೂಚನೆಯನ್ನು ಮುಚ್ಚಿದುದನ್ನೂ ಒಪ್ಪಿಗೆಯೆಂದೇ ಭಾವಿಸುವಂತೆ ಅದನ್ನು ರಚಿಸಲಾಗಿತ್ತು. ತನ್ನ ಒಪ್ಪಿಗೆಯಿಲ್ಲದೆ ವ್ಯವಸ್ಥೆ ಬದಲಾಗಿ ಕೆಲಸ ಕೆಟ್ಟಿತೆಂದು ದಾವೆ ಹೂಡಿದ ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರಿಗೆ ಸಂಸ್ಥೆ 10,000 ಡಾಲರ್ ತೆರಬೇಕಾಯಿತು. ವಿರೋಧ ಬೆಳೆದ ಮೇಲೆ ಸೂಚನೆಯನ್ನು ತಿದ್ದಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥರೇ ತಾವು ಮಿತಿಮೀರಿದುದನ್ನು ಒಪ್ಪಿಕೊಂಡರು. ಹೊಸ ವ್ಯವಸ್ಥೆ ಒಳ್ಳೆಯದೆಂದು ಒಪ್ಪಿದವರೂ ಈ ದೂರಿನಲ್ಲಿ ಸೇರಿದ್ದರೆಂಬುದು ಗಮನಾರ್ಹ. ಅವರ ಆಕ್ಷೇಪವಿದ್ದುದು ವಸ್ತುವಿನ ಮೇಲಲ್ಲ, ಕೇಳದೆ ಕೊಟ್ಟುದರ ಮೇಲೆ.

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರಲ್ಲಿ ಪ್ರಶ್ನೆ ಮತ್ತೊಂದು ರೂಪ ತಾಳಿತು. ಟಿಪಿಎಂ 2.0 ಎಂಬ ಭದ್ರತಾ ಸಾಧನವೂ ಗೊತ್ತುಪಡಿಸಿದ ಪ್ರೊಸೆಸರುಗಳಲ್ಲಿ ಒಂದೂ ಇರಬೇಕೆಂದು ವಿಧಿಸಿದುದರಿಂದ, 2017ಕ್ಕೆ ಮುಂಚಿನ ಬಹುಪಾಲು ಯಂತ್ರಗಳು, ಸುಸ್ಥಿತಿಯಲ್ಲಿದ್ದರೂ, ಹೊರಗುಳಿದುವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ ಅಂಥ ಯಂತ್ರವುಳ್ಳವರ ಮುಂದಿದ್ದುದು ರುಚಿಯ ಪ್ರಶ್ನೆಯೂ ಅಲ್ಲ, ರೂಢಿಯ ಪ್ರಶ್ನೆಯೂ ಅಲ್ಲ, ಹಣದ ಪ್ರಶ್ನೆ. ಸಣ್ಣ ಅನುದಾನದಿಂದ ಹತ್ತು ಯಂತ್ರಗಳನ್ನು ಕೊಂಡ ಕಾಲೇಜಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

8

ಮೇಲಿನ ವಿವೇಚನೆಯಿಂದ ಬಳಕೆದಾರರ ಅಭಿಪ್ರಾಯಗಳಲ್ಲಿ ನಾಲ್ಕು ಬಗೆಗಳನ್ನು ಗುರುತಿಸಬಹುದೆಂದು ನಮಗೆ ತೋರುತ್ತದೆ: ರುಚಿಯನ್ನು ಕುರಿತವು, ಕೆಲಸವನ್ನು ಕುರಿತವು, ಒಪ್ಪಿಗೆಯನ್ನು ಕುರಿತವು, ವೆಚ್ಚವನ್ನು ಕುರಿತವು. ಹೊಸದಕ್ಕೆ ಜನ ಹೆದರುತ್ತಾರೆಂಬ ಸಿದ್ಧ ತೀರ್ಪು ಮೊದಲನೆಯದಕ್ಕೆ ಮಾತ್ರ ಸ್ವಲ್ಪಮಟ್ಟಿಗೆ ಹೊಂದುತ್ತದೆ. ಉಳಿದ ಮೂರಕ್ಕೂ ಅದನ್ನೇ ಅನ್ವಯಿಸುವುದು ವಿಚಾರಣೆಯಿಲ್ಲದೆ ಮೊಕದ್ದಮೆಯನ್ನು ವಜಾ ಮಾಡಿದಂತೆ. ಜನರು ಹೇಳಿದುದೆಲ್ಲ ಸರಿಯೆನ್ನುವುದೂ ಅಷ್ಟೇ ತಪ್ಪು. ಹಿತಾಸಕ್ತಿಯ ಮಾತೂ ಕೇಳಿದ ಮಾತೂ ಅವುಗಳಲ್ಲಿ ಬೆರೆತಿರುತ್ತವೆ. ಇವನ್ನು ಬೇರ್ಪಡಿಸುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ.

ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೆ. ಮುಂದೆ ನಮ್ಮ ಕಾಲದ ಇತಿಹಾಸವನ್ನು ಬರೆಯುವವರಿಗೆ ಸಂಸ್ಥೆಗಳ ಪ್ರಕಟಣೆಗಳೂ ಮಾರಾಟದ ಅಂಕಿಗಳೂ ಸುಲಭವಾಗಿ ದೊರೆಯುತ್ತವೆ. ಗುಮಾಸ್ತರ ನೋಟ್‌ಬುಕ್ ದೊರೆಯುವುದಿಲ್ಲ, ಯಾರಾದರೂ ಈಗಲೇ ಎತ್ತಿಟ್ಟ ಹೊರತು. ನಿಮ್ಮ ಮನೆಗಳಲ್ಲಿ, ಕಾಲೇಜಿನ ಕಚೇರಿಗಳಲ್ಲಿ, ಊರಿನ ಡಿ.ಟಿ.ಪಿ. ಅಂಗಡಿಗಳಲ್ಲಿ ಇಂಥವು ಇನ್ನೂ ಇರಬಹುದು. ಅವನ್ನು ಬರೆದವರು ಬದುಕಿರುವಾಗಲೇ ಹೋಗಿ ಕೇಳಿ, ಯಾವ ಕೆಲಸಕ್ಕಾಗಿ ಬರೆದರು, ಯಾವ ವರ್ಷ ಯಾವ ಪುಟ ನಿರುಪಯುಕ್ತವಾಯಿತು ಎಂಬುದನ್ನು ಗುರುತು ಹಾಕಿಟ್ಟುಕೊಳ್ಳಬೇಕು. ನಮ್ಮ ಗುಮಾಸ್ತರು ನಿವೃತ್ತರಾಗುವಾಗ ತಮ್ಮ ನೋಟ್‌ಬುಕ್ಕನ್ನು ವಿಭಾಗಕ್ಕೆ ಕೊಡುವುದಾಗಿ ಹೇಳಿದ್ದಾರೆ.